ಹೊಟ್ಟೆಗೆ ಕಿವಿಯಿಟ್ಟವನು

ಆ ಊರಿನಲ್ಲಿ ಹೊಟ್ಟೆ ಸದ್ದು ಮಾಡುವಂತಿರಲಿಲ್ಲ. ಬಾಯಿ ಎಷ್ಟು ಬೇಕಾದರೂ ಸದ್ದು ಮಾಡಬಹುದಿತ್ತು. ಜಗಳ ಆಡಬಹುದಿತ್ತು, ಅರಮನೆಯನ್ನೇ ಬೈಯಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಹೊಟ್ಟೆ ಮಾತ್ರ ಸುಮ್ಮನಿರಬೇಕು. ಅದು ಕಟ್ಟಳೆ.

ಕಟ್ಟಳೆ ಕೆಟ್ಟ ಮನಸ್ಸಿನಿಂದ ಹುಟ್ಟಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನೀವು ಅರಮನೆಯವರನ್ನು ರಾಕ್ಷಸರು ಅಂದುಕೊಂಡುಬಿಡುತ್ತೀರಿ. ಹಿಂದೊಮ್ಮೆ ಆ ಸೀಮೆಗೆ ದೊಡ್ಡ ಬರ ಬಂದಿತ್ತು. ಜನ ಇರುವೆಗೂಡು ಅಗೆದು ಕಾಳು ಆರಿಸಿ ತಿಂದರು. ಊರಿನ ಹೊಟ್ಟೆಗಳೆಲ್ಲ ಒಟ್ಟಿಗೆ ಕೂಗಿದ ಸದ್ದು ಕೋಟೆ ಗೋಡೆ ದಾಟಿ ರಾಣಿಯ ಊಟದ ಮನೆಯವರೆಗೂ ಹೋಯಿತು. ರಾಣಿ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ಇನ್ನು ನನ್ನ ಊರಲ್ಲಿ ಒಂದು ಹೊಟ್ಟೆಯೂ ಅಳಬಾರದು ಅಂದಳು. ಎಲ್ಲಿಂದಲೋ ಬಿಳಿ ಅಕ್ಕಿ ತರಿಸಿದಳು. ಗಾಡಿಗಳು ಬಂದವು, ಬರುತ್ತಲೇ ಇದ್ದವು, ರಾಣಿ ಹೋದ ಮೇಲೂ ಬಂದವು. ಅಕ್ಕಿಗೆ ಬೆಲೆಯಿಲ್ಲ, ಮಡಿಲೊಡ್ಡಿದರೆ ಸಾಕು. ಅಂದಿನಿಂದ ಆ ಊರಲ್ಲಿ ಹಸಿದು ಸತ್ತವರು ಒಬ್ಬರೂ ಇಲ್ಲ ಎಂದು ಅರಮನೆ ಹೇಳುತ್ತದೆ. ಊರೂ ಹಾಗೇ ಹೇಳುತ್ತದೆ.

ಕೇರಿಗೊಬ್ಬ ಕಿವಿಗಾರ. ಅವನ ಕೈಯಲ್ಲಿ ಒಂದು ಕಂಚಿನ ಕೊಳವೆ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಪ್ರತಿದಿನ ಹೊತ್ತು ಮಾರುದ್ದ ಏರಿದಾಗ ಅವನು ಹೊರಡುತ್ತಾನೆ. ಹಿಂದೆ ಗಾಡಿ, ಗಾಡಿಯಲ್ಲಿ ಅಕ್ಕಿ ಮೂಟೆ, ಮೂಟೆಗಳ ನಡುವೆ ಅನ್ನದ ಹಂಡೆ. ಮನೆಯವರು ಬಾಗಿಲಿಗೆ ಬರುತ್ತಾರೆ. ಗಂಡಸರು ಅಂಗಿ ಎತ್ತುತ್ತಾರೆ, ಹೆಂಗಸರು ಸೆರಗು ಸರಿಸುತ್ತಾರೆ. ಕಿವಿಗಾರ ಅಗಲದ ತುದಿಯನ್ನು ಹೊಟ್ಟೆಗಿಡುತ್ತಾನೆ, ಕಿರಿದಾದ ತುದಿಗೆ ಕಿವಿ ಕೊಡುತ್ತಾನೆ, ಕಣ್ಣು ಮುಚ್ಚುತ್ತಾನೆ. ಆಮೇಲೆ ಎರಡರಲ್ಲೊಂದು ಮಾತು ಆಡುತ್ತಾನೆ. "ಇದೆ" ಅನ್ನಬೇಕು, ಇಲ್ಲವೇ "ಇಲ್ಲ" ಅನ್ನಬೇಕು. ಮೂರನೆಯ ಮಾತು ಆಡುವ ಹಕ್ಕು ಅವನಿಗಿಲ್ಲ.

"ಇಲ್ಲ" ಅಂದರೆ ಸದ್ದಿಲ್ಲ, ಅಂದರೆ ಹಸಿವಿಲ್ಲ. ಬಾಗಿಲಿಗೆ ಅಕ್ಕಿಹಿಟ್ಟಿನ ಬೊಟ್ಟು, ಮಡಿಲಿಗೆ ಆ ದಿನದ ಅಕ್ಕಿ. "ಇದೆ" ಅಂದರೆ ಹಸಿವಿದೆ. ಸದ್ದು ಮಾಡಿದ ಹೊಟ್ಟೆಯವರು ಜಗಲಿಯ ಮೇಲೆ ಮಣೆ ಹಾಕಿ ಕೂರಬೇಕು. ಒಂದು ತಿಂಗಳು, ಮೂರು ಹೊತ್ತೂ, ಗಾಡಿಯ ಅನ್ನವನ್ನು ಹೊಟ್ಟೆ ಸುಮ್ಮನಾಗುವವರೆಗೂ ಉಣ್ಣಬೇಕು. ಆ ತಿಂಗಳು ಬೇರೇನನ್ನೂ ಬಾಯಿಗಿಡುವಂತಿಲ್ಲ, ಮನೆ ಬಿಟ್ಟು ಕದಲುವಂತಿಲ್ಲ. ಪಕ್ಕದಲ್ಲೇ ಕಾವಲು ಇರುತ್ತದೆ. ಕೇರಿಯವರು ಬಂದು ನೋಡುತ್ತಾರೆ.

ಇದರಲ್ಲಿ ತಪ್ಪೇನಿದೆ? ತಪ್ಪೇನೂ ಇರಲಿಲ್ಲ, ಬರ ಮುಗಿಯುವವರೆಗೆ. ಬರ ಮುಗಿದು ಮಳೆ ಬಿತ್ತು. ಹೊಲಗಳಲ್ಲಿ ರಾಗಿ ಬಂತು, ರಾಗಿಯ ಸಾಲಿನಲ್ಲಿ ಅವರೆ ಬಂತು, ಹುರುಳಿ ಬಂತು, ಹಿತ್ತಲಲ್ಲಿ ಸೊಪ್ಪು ಚಿಗುರಿತು. ಒಂದು ಮನೆಯವರು ಹಬ್ಬದ ಸಂಜೆ ಅವರೆಕಾಳಿನ ಸಾರು ಮಾಡಿ ಮುದ್ದೆ ನುಂಗಿ, ಸಂತೋಷವಾಗಿ ಮಲಗಿ ಎದ್ದರು. ಅವರೆಕಾಳಿನ ಗುಣ ನಿಮಗೆ ನಾನು ಹೇಳಬೇಕಾಗಿಲ್ಲ. ಅದು ಹೊಟ್ಟೆಗೆ ಹೋಗಿ ಸುಮ್ಮನೆ ಕೂರುವ ಜಾತಿಯಲ್ಲ. ಬೆಳಿಗ್ಗೆ ಕೊಳವೆ ಇಟ್ಟರೆ ಯಜಮಾನನ ಹೊಟ್ಟೆ ಗುಡುಗುಡು, ಯಜಮಾನಿಯ ಹೊಟ್ಟೆ ಗುಡುಗುಡು, ತೊಟ್ಟಿಲ ಕೂಸೊಂದನ್ನು ಬಿಟ್ಟು ಮಿಕ್ಕವರದೆಲ್ಲ ಗುಡುಗುಡು. ಕಿವಿಗಾರ ಏನು ಮಾಡಿಯಾನು? ಸದ್ದು ಸದ್ದೇ. "ಇದೆ" ಅಂದ. ಹೊಟ್ಟೆ ಬಿರಿಯೆ ಉಂಡಿದ್ದ ಆ ಮನೆಯವರು ತಿಂಗಳಿಡೀ ಜಗಲಿಯಲ್ಲಿ ಸಾಲಾಗಿ ಕೂತು ಅನ್ನ ಉಂಡರು. ಅವರ ಮಗಳಿಗೆ ಗೊತ್ತಾಗಿದ್ದ ಗಂಡು ತಪ್ಪಿಹೋಯಿತು.

ಅಲ್ಲಿಂದ ಊರು ಬುದ್ಧಿ ಕಲಿಯಿತು. ಅವರೆ ಬಿಟ್ಟಿತು, ಹುರುಳಿ ಬಿಟ್ಟಿತು. ರಾಗಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತು ತಕರಾರು ಮಾಡುತ್ತದೆ ಎಂದು ಅದನ್ನೂ ಬಿಟ್ಟಿತು. ಬೀಸುವ ಕಲ್ಲುಗಳನ್ನು ಬಚ್ಚಲಿಗೆ ಮೆಟ್ಟಿಲು ಮಾಡಿಕೊಂಡರು. ನುಗ್ಗೆಮರ ಇರುವ ಹಿತ್ತಲಿನ ಮನೆಗೆ ಹೆಣ್ಣು ಕೊಡಲು ಯೋಚಿಸುವ ಕಾಲ ಬಂತು, ಮರಗಳನ್ನು ಕಡಿದರು. ಸೊಪ್ಪಿನ ಮಡಿಗಳಲ್ಲಿ ಮಲ್ಲಿಗೆ ಹಾಕಿದರು. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಬೇರೆ ಊರುಗಳಲ್ಲಿ ಹಾಸ್ಯಕ್ಕೆ ಹೇಳುವುದನ್ನು ಈ ಊರಿನವರು ಶ್ರದ್ಧೆಯಿಂದ ಮಾಡಿ ತೋರಿಸಿದರು. ಮೂರು ಹೊತ್ತೂ ಬಿಳಿ ಅನ್ನ, ಅನ್ನದ ಮೇಲೆ ಉಪ್ಪು, ಉಪ್ಪಿನ ಮೇಲೆ ಗಂಜಿಯ ತಿಳಿ. ಹೊಟ್ಟೆಗಳು ತೂಕಡಿಸುವ ಮುದುಕರಂತೆ ಸುಮ್ಮನಾದವು.

ಊರೂ ನಿಧಾನವಾಗಿ ಬೆಳ್ಳಗಾಯಿತು. ಮದುವೆಯ ಹೆಣ್ಣುಗಳ ತುಟಿ ಬಿಳಿಚಿತು, ಎಂಥ ಬಣ್ಣ ಎಂದು ಬೀಗರು ಮೆಚ್ಚಿದರು. ಹೆಂಗಸರು ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಸಲ ಕೊಡ ಇಳಿಸಿ ಕೂರುತ್ತಿದ್ದರು, ಅದಕ್ಕೆಂದೇ ದಾರಿಯಲ್ಲಿ ಕಲ್ಲುಬೆಂಚು ಹಾಕಿಸಿದರು. ಸಂಜೆಯಾದರೆ ಮಕ್ಕಳಿಗೆ ದಾರಿ ಕಾಣುತ್ತಿರಲಿಲ್ಲ. ದೊಡ್ಡವರು ಕೈಹಿಡಿದು ಕರೆತರುತ್ತಿದ್ದರು, ಅದು ಊರಿನ ಒಳ್ಳೆಯ ಪದ್ಧತಿ ಅಂದುಕೊಂಡರು. ಯಾರಿಗೂ ಏನೂ ಅನ್ನಿಸಲಿಲ್ಲ. ಬಾಗಿಲಿಗೆ ಬೊಟ್ಟು ಬಿದ್ದಿತ್ತಲ್ಲ.

ನಾನು ಹೇಳಹೊರಟ ಕಿವಿಗಾರ ಬಡಗಣ ಕೇರಿಯವನು. ಮೂವತ್ತು ವರ್ಷ ಕೊಳವೆ ಹಿಡಿದವನು, ಒಂದು ದಿನವೂ ಸುಳ್ಳು ಹೇಳಿದವನಲ್ಲ. ಸ್ವಂತ ಮನೆಯಿಂದಲೇ ಕೆಲಸ ಶುರುಮಾಡುತ್ತಿದ್ದ. ಮನೆಯಲ್ಲಿ ಅವನ ತಾಯಿ ಇದ್ದಳು. ಬರಗಾಲ ಕಂಡ ಮುದುಕಿ. ಇಬ್ಬರು ಮಕ್ಕಳನ್ನು ಬರಕ್ಕೆ ಕೊಟ್ಟು, ಮೂರನೆಯವನನ್ನು ಮೊದಲ ಗಾಡಿಯ ಹಿಡಿ ಅಕ್ಕಿಯ ಗಂಜಿಯಲ್ಲಿ ಉಳಿಸಿಕೊಂಡಿದ್ದಳು. ಆ ಮೂರನೆಯವನೇ ಈ ಕಿವಿಗಾರ. ಮುದುಕಿ ಅಕ್ಕಿಗೆ ಕೈಮುಗಿಯದೆ ಒಲೆ ಹೊತ್ತಿಸಿದವಳಲ್ಲ. ಅವಳನ್ನು ನೋಡಿ ನಗಲು ನನಗೆ ಬಾಯಿ ಬರುವುದಿಲ್ಲ.

ಅವನ ಹೆಂಡತಿ ಇರಲಿಲ್ಲ. ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮೊದಲ ಹೆರಿಗೆಯ ಮಗಳು ಬೆಳೆದು, ಮದುವೆಯಾಗಿ, ಈಗ ಚೊಚ್ಚಲ ಬಸುರಿಗೆ ತವರಿಗೆ ಬಂದಿದ್ದಳು. ಊರಿಗೇ ಬೆಳ್ಳನೆಯ ಹೆಣ್ಣು ಅವಳು. ಅವಳಷ್ಟು ಸುಮ್ಮನಿರುವ ಹೊಟ್ಟೆ ಇಡೀ ಕೇರಿಯಲ್ಲಿರಲಿಲ್ಲ. ಅಪ್ಪನಿಗೆ ಅದೊಂದು ಹೆಮ್ಮೆಯಾಗಿತ್ತು.

ಏಳು ತಿಂಗಳು ತುಂಬಿದಾಗ ಸೂಲಗಿತ್ತಿಯನ್ನು ಕರೆಸಿದರು. ಸೂಲಗಿತ್ತಿಯ ಗುಡಿಸಲು ಊರಾಚೆ. ಬೆಳಿಗ್ಗೆ ಹೊತ್ತು ಅವಳು ಯಾರದೋ ಹೆರಿಗೆ ಮನೆಯಲ್ಲಿರುತ್ತಿದ್ದುದರಿಂದ ಅವಳ ಹೊಟ್ಟೆಗೆ ಕೊಳವೆ ಇಡುವ ಪದ್ಧತಿಯೇ ಬೆಳೆದಿರಲಿಲ್ಲ. ಅವಳು ಬಂದು ಮಗಳ ಹೊಟ್ಟೆ ನೋಡಲಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಉಗುರು ಒತ್ತಿ ಬಿಟ್ಟು ನೋಡಿದಳು, ಆಮೇಲೆ ಮಗಳು ಮಲಗುವ ಚಾಪೆಯ ಪಕ್ಕದ ಗೋಡೆಗೆ ಬಗ್ಗಿದಳು. ಗೋಡೆಯ ಮಣ್ಣು ಅಂಗೈಯಗಲ ಕೆರೆದುಹೋಗಿತ್ತು.

"ಮಣ್ ತಿಂತಿದ್ಯೇನವ್ವ?"

ಮಗಳು ತಲೆ ತಗ್ಗಿಸಿದಳು. "ರುಚಿಯಾಗ್ತದೆ ಕಣಜ್ಜಿ. ಯಾಕೋ ಬಿಡಕ್ಕಾಗಲ್ಲ."

ಸೂಲಗಿತ್ತಿ ಹೊರಗೆ ಬಂದು ಜಗಲಿಯಲ್ಲಿ ಕೂತಿದ್ದ ಕಿವಿಗಾರನ ಎದುರು ನಿಂತಳು. ಅವನನ್ನು ಹೊಟ್ಟೆಯಿಂದ ಎಳೆದು ಭೂಮಿಗಿಟ್ಟವಳೂ ಅವಳೇ. ಹಾಗಾಗಿ ಅವನ ಕೊಳವೆಗೆ ಅವಳು ಹೆದರುತ್ತಿರಲಿಲ್ಲ.

"ನಿನ್ ಹೆಂಡ್ರು ಹೋದ ದಿನ ಬೆಳಿಗ್ಗೆ ಅವಳ ಹೊಟ್ಟೆಗೆ ಕೊಳವೆ ಇಟ್ಟಿದ್ಯಾ ಮಗಾ?"

"ಇಟ್ಟಿದ್ದೆ. ದಿನಾ ಇಡ್ತಿದ್ದೆ."

"ಏನ್ ಕೇಳಿಸ್ತು?"

"ಏನೂ ಇಲ್ಲ."

"ಏನಂದೆ?"

"ಇಲ್ಲ ಅಂದೆ."

"ಅವಳ ಮೈಯಾಗೆ ರಕ್ತನೂ ಇರ್ಲಿಲ್ಲ ಕಣಪ್ಪ. ನೀನಂದಿದ್ದು ಸರಿಯಾಗೇ ಐತೆ. ಹೊಟ್ಟೆ ತುಂಬ್ಕೊಂಡೇ ಹಸ್ಕೊಂಡು ಸತ್ತೋದ್ಲು ನಿನ್ ಹೆಂಡ್ರು. ಮಗಳೂ ಅದೇ ದಾರೀಲವ್ಳೆ. ಹಿಂಗೇ ಹೆರಿಗೆಗೆ ಕೂತ್ರೆ ನಾನು ಕೂಸನ್ನ ಎತ್ತಿಕೊಡಬೋದು, ತಾಯಿನ ಎತ್ತಿಕೊಡಾಕಾಗಲ್ಲ."

ಕಿವಿಗಾರ "ಏನ್ ಮಾಡ್ಬೇಕು?" ಎಂದು ಕೇಳಿದ.

"ಹುರುಳಿ ಕಟ್ಟಿನ ಸಾರು. ರಾಗಿ ಅಂಬ್ಲಿ. ನುಗ್ಗೆ ಸೊಪ್ಪು. ಎಲ್ಲಾ ನನ್ ಗುಡಿಸ್ಲ ಹಿಂದೆ ಐತೆ. ಹಿತ್ತಲ ಗಿಡ ಮದ್ದಲ್ಲ ಅಂತ ನೀವೆಲ್ಲ ಕಡಿದು ಹಾಕಿದ್ರಿ, ನಾನು ಕಡೀಲಿಲ್ಲ. ಸಂಜೆ ಸಂಜೆಗೆ ಕಳ್ಸು ಅವಳ್ನ."

"ಹೊಟ್ಟೆ ಸದ್ದು ಮಾಡಿದ್ರೆ?"

"ಮಾಡ್ತದೆ."

"ಮಾಡಿದ್ರೆ ನಾನು ಇದೆ ಅನ್ಬೇಕಾಗ್ತದೆ. ತಿಂಗಳು ಜಗಲಿ ಮೇಲೆ ಕೂರಿಸ್ಬೇಕಾಗ್ತದೆ. ಮತ್ತೆ ಅದೇ ಬಿಳಿ ಅನ್ನ."

"ಅದು ನಿನ್ ಕೆಲಸ. ನನ್ ಕೆಲಸ ನಾನು ಹೇಳ್ದೆ," ಎಂದು ಸೂಲಗಿತ್ತಿ ಹೊರಟುಹೋದಳು.

ಮಗಳು ಸಂಜೆ ಸಂಜೆಗೆ ಹೋಗತೊಡಗಿದಳು. ಎಲ್ಲಿಗೆ ಎಂದು ಮನೆಯಲ್ಲಿ ಅಜ್ಜಿ ಕೇಳಿದರೆ ಮೈ ಹಗುರಾಗಲಿ ಅಂತ ನಡೆದುಬರ್ತೀನಿ ಅನ್ನುತ್ತಿದ್ದಳು. ಕಿವಿಗಾರ ಕೇಳಲಿಲ್ಲ. ವಾಪಸು ಬಂದವಳ ಕೈಯಲ್ಲಿ ಹುರುಳಿಯ ವಾಸನೆ ಬಂದಾಗ ಬಾಗಿಲ ಕಡೆ ತಿರುಗಿ ಕೂರುತ್ತಿದ್ದ. ಸೂಲಗಿತ್ತಿ ಜಾಣೆ, ಮೊದಮೊದಲು ತೆಳ್ಳಗೆ ಕೊಟ್ಟಳು, ಒಂದು ಬಟ್ಟಲು ಕಟ್ಟು, ಒಂದು ಲೋಟ ಅಂಬಲಿ. ಬೆಳಿಗ್ಗೆ ಅಪ್ಪ ಕೊಳವೆ ಇಟ್ಟಾಗ ಹೊಟ್ಟೆ ಸುಮ್ಮನಿರುತ್ತಿತ್ತು. "ಇಲ್ಲ" ಅನ್ನುತ್ತಿದ್ದ. ಅದು ನಿಜವೇ ಆಗಿತ್ತು. ಹೀಗೆ ಒಂದು ಅಮಾವಾಸ್ಯೆ ಕಳೆಯಿತು. ಮಗಳು ಗೋಡೆ ಕೆರೆಯುವುದನ್ನು ಬಿಟ್ಟಳು. ಬಾವಿಯಿಂದ ಬರುವಾಗ ಕೊಡ ಇಳಿಸದೆ ಬಂದಳು. ಅವಳ ತುಟಿಯಲ್ಲಿ ಸಣ್ಣಗೆ ಕೆಂಪು ಕಂಡಿತು. ಮೊಮ್ಮಗಳ ಬಣ್ಣ ಇಳಿಯುತ್ತಿದೆ ಎಂದು ಅಜ್ಜಿ ಮರುಗಿದಳು, ಒಂದು ಹಿಡಿ ಅನ್ನ ಹೆಚ್ಚು ಬಡಿಸಿದಳು.

ಮೈಗೆ ಕಸುವು ಬಂದರೆ ನಾಲಗೆಗೂ ಬರುತ್ತದೆ. ಹೆರಿಗೆಗೆ ಇನ್ನೊಂದೇ ತಿಂಗಳಿರುವಾಗ ಅವಳಿಗೆ ಬಯಕೆ ಹತ್ತಿತು. ಸೂಲಗಿತ್ತಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹಸಿ ಅವರೆಯ ಸೊಗಡು ಮೂಗಿಗೆ ಬಡಿದದ್ದೇ ಮಗಳು ಅಲ್ಲೇ ಕುಕ್ಕರಿಸಿದಳು.

"ಇವತ್ತು ಬ್ಯಾಡ ಕಣವ್ವ, ಬೆಳಿಗ್ಗೆ ನಿಮ್ಮಪ್ಪ ಅವ್ನೆ," ಅಂದಳು ಸೂಲಗಿತ್ತಿ.

"ಇರ್ಲಿ ಹಾಕಜ್ಜಿ. ಹುಟ್ಟಿದಾಗಿಂದ ಒಂದಿನಾನೂ ಏನೂ ಬೇಕು ಅನ್ಸಿರ್ಲಿಲ್ಲ ನಂಗೆ. ಇವತ್ತು ಅನ್ಸೈತೆ."

ಬಸುರಿಯ ಬಯಕೆಗೆ ಇಲ್ಲ ಅಂದ ಸೂಲಗಿತ್ತಿ ಯಾವ ಊರಲ್ಲೂ ಹುಟ್ಟಿಲ್ಲ. ಎರಡು ಮುದ್ದೆ, ಮೂರು ಸೌಟು ಅವರೆಕಾಳಿನ ಸಾರು. ಮಗಳು ಕೈ ತೊಳೆಯುವ ಮೊದಲು ಬೆರಳನ್ನೆಲ್ಲ ನೆಕ್ಕಿದಳು.

ಬೆಳಿಗ್ಗೆ ಹೊತ್ತು ಮಾರುದ್ದ ಏರಿತು. ಗಾಡಿ ಬಂದು ನಿಂತಿತು. ಕೇರಿಯವರು ತಂತಮ್ಮ ಬಾಗಿಲಿಗೆ ಬಂದರು. ಮಗಳು ಹೊಸಿಲ ಮೇಲೆ ನಿಂತು ಸೆರಗು ಸರಿಸಿದಳು. ಅಪ್ಪ ಕೊಳವೆ ಎತ್ತುವ ಮೊದಲೇ ಹೊಟ್ಟೆ ಗುಡುಗಿತು. ಪಕ್ಕದ ಮನೆಗೆ ಕೇಳಿಸಿತು, ಎದುರು ಮನೆಗೆ ಕೇಳಿಸಿತು, ಗಾಡಿಯ ಎತ್ತು ಕಿವಿ ನಿಗುರಿಸಿತು. ಕೇರಿ ಕಿಸಕ್ಕೆಂದಿತು. ಕಿವಿಗಾರನ ಮಗಳೇ!

ಅಜ್ಜಿ ಒಳಗಿಂದ ಓಡಿಬಂದಳು. ಅವಳ ಕೈಯಲ್ಲಿ ಬಾಳೆಲೆ, ಕಣ್ಣಲ್ಲಿ ನೀರು. "ಅಯ್ಯೋ ನನ್ ಕಂದಾ, ಹಸ್ಕೊಂಡಿದ್ಯಲ್ಲೇ! ಮನೇಲಿಟ್ಕೊಂಡು ನಾವು ಕಾಣದೆ ಹೋದ್ವಲ್ಲೇ!" ಅನ್ನುತ್ತ ಜಗಲಿಗೆ ಮಣೆ ಎಳೆದಳು. ಎಲೆ ಹಾಸಿದಳು. "ಬಡಿಸಪ್ಪಾ, ಬಡಿಸು," ಎಂದು ಗಾಡಿಯವನನ್ನು ಕರೆದಳು. ಗಾಡಿಯವನು ಹಂಡೆಗೆ ಸೌಟು ಹಾಕಿದ. ಕಿವಿಗಾರನ ಮಾತಿಗಾಗಿ ಎಲ್ಲರೂ ಕಾದರು.

ಅವನು ಪದ್ಧತಿಯಂತೆ ಕೊಳವೆಯನ್ನು ಹೊಟ್ಟೆಗಿಟ್ಟ. ಕಿವಿ ಕೊಟ್ಟ. ಕಣ್ಣು ಮುಚ್ಚಿದ. ಅವರೆಕಾಳು ಒಳಗೆ ಸಂತೆ ಮಾಡುತ್ತಿತ್ತು. ಅದರ ಕೆಳಗೆ, ಇನ್ನೂ ಆಳದಲ್ಲಿ, ಬೇರೊಂದು ಸದ್ದಿತ್ತು. ಬೇಗಬೇಗ, ಬಿಗಿಯಾಗಿ, ಯಾರೋ ಒಳಗಿಂದ ಬಾಗಿಲು ತಟ್ಟುತ್ತಿರುವ ಹಾಗೆ. ಮೂವತ್ತು ವರ್ಷಗಳಲ್ಲಿ ಎಷ್ಟು ಬಸುರಿಯರಿಗೆ ಕೊಳವೆ ಇಟ್ಟಿದ್ದನೋ, ಅದು ಅವನ ಕಿವಿಗೆ ಬಿದ್ದಿರಲಿಲ್ಲ. ಅವನು ಹುಡುಕುತ್ತಿದ್ದದ್ದು ಒಂದೇ ಸದ್ದು, ಉಳಿದದ್ದಕ್ಕೆ ಕಿವಿ ಮುಚ್ಚಿಹೋಗಿತ್ತು.

ಕಣ್ಣು ಬಿಟ್ಟ. "ಇಲ್ಲ" ಅಂದ.

ಗಾಡಿಯವನು ಸೌಟು ಕೆಳಗಿಟ್ಟ. "ಅಣ್ಣಾ, ಕೇರಿಗೆಲ್ಲ ಕೇಳ್ಸೈತೆ."

"ಇಲ್ಲ," ಎಂದು ಕಿವಿಗಾರ ಮತ್ತೊಮ್ಮೆ ಅಂದ.

ಅಜ್ಜಿ ಅವನ ತೋಳು ಹಿಡಿದಳು. "ಯಾಕ್ಲಾ ಹಿಂಗಂತೀಯಾ? ಹೆತ್ತ ಮಗಳ ಅನ್ನ ಕಿತ್ಕೋತೀಯೇನ್ಲಾ? ಇದೇ ಅನ್ನ ತಿಂದು ಬದುಕ್ದೋನು ಕಣ್ಲಾ ನೀನು!"

"ಹೂಂ ಕಣವ್ವಾ. ನಾನು ಬದುಕ್ದೆ," ಅಂದ ಅವನು. "ಇವಳವ್ವ ಬದುಕ್ಲಿಲ್ಲ."

ಮುದುಕಿ ಮೊಮ್ಮಗಳ ಮುಖವನ್ನು ನೋಡಿದಳು, ತುಟಿಯ ಕೆಂಪನ್ನು ನೋಡಿದಳು. ಅವಳಿಗೆ ಏನು ತಿಳಿಯಿತೋ ಎಷ್ಟು ತಿಳಿಯಿತೋ ನನಗೆ ಗೊತ್ತಿಲ್ಲ. ಹಾಸಿದ ಎಲೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಜಗಲಿಯ ತುದಿಗೆ ಹೋಗಿ ಕೂತಳು. ಕಿವಿಗಾರ ಅಕ್ಕಿಹಿಟ್ಟಿನ ಬಟ್ಟಲಿಗೆ ಬೆರಳದ್ದಿ ತನ್ನ ಮನೆಯ ಬಾಗಿಲಿಗೆ ಬಿಳಿ ಬೊಟ್ಟಿಟ್ಟ. ಬೊಟ್ಟು ನೆಟ್ಟಗಿರಲಿಲ್ಲ.

ಮಗಳು ಬದುಕಿದಳೇ ಎಂಬ ಆತುರ ನಿಮಗಿರುತ್ತದೆ, ಅದನ್ನು ಬಚ್ಚಿಟ್ಟು ನಿಮ್ಮನ್ನು ಕಾಯಿಸುವ ಬುದ್ಧಿ ನನಗಿಲ್ಲ. ಬದುಕಿದಳು. ಸುಳ್ಳು ಹೇಳಿದ ಕಿವಿಗಾರನನ್ನು ಊರುಬಿಡಿಸುವುದು ಕಟ್ಟಳೆ, ಆದರೆ ಅರಮನೆಗೆ ದೂರು ಹೋಗಿ ಅಲ್ಲಿಂದ ಮಾತು ವಾಪಸು ಬರುವಷ್ಟರಲ್ಲಿ ತಿಂಗಳು ಕಳೆಯುತ್ತದೆ. ಇದು ಎಲ್ಲ ಊರುಗಳಲ್ಲೂ ಇರುವ ಸಂಗತಿ. ಆ ತಿಂಗಳಿಡೀ ಅವನು ದಿನಕ್ಕೊಂದು ಸುಳ್ಳು ಹೇಳಿದ, ಮಗಳು ಸಂಜೆಗೊಂದು ಬಟ್ಟಲು ಕುಡಿದಳು. ಹೆಣ್ಣುಮಗು ಹುಟ್ಟಿತು. ಅದು ಕೂಗಿದ ಕೂಗಿಗೆ ಸೂಲಗಿತ್ತಿಯೇ ಬೆಚ್ಚಿದಳಂತೆ. ತಾಯಿ ಮಾರನೆಯ ದಿನ ಎದ್ದು ಕೂತು ಊಟ ಕೇಳಿದಳಂತೆ.

ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ ಕಿವಿಗಾರನಿಗೆ ಮುಂದಿನ ಮನೆಗಳೆಲ್ಲ ಬಾಕಿಯಿದ್ದವು.

ಪಕ್ಕದ ಮನೆಯ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಮದುವೆಯಾಗಿ ವರ್ಷವಾಗಿತ್ತು, ಅವಳಿಗೂ ನಾಲ್ಕು ತಿಂಗಳು. ಒಂದು ಕೈಯಲ್ಲಿ ಬಾಗಿಲುವಾಡ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸೆರಗು ಸರಿಸಿದಳು. ಕಿವಿಗಾರ ಕೊಳವೆ ಇಟ್ಟ. ಏನೂ ಕೇಳಿಸಲಿಲ್ಲ. ಒಳ್ಳೆಯ, ಪದ್ಧತಿಯ ಪ್ರಕಾರದ ನಿಶ್ಶಬ್ದ. ಮೂವತ್ತು ವರ್ಷದಿಂದ ಅವನು ಈ ನಿಶ್ಶಬ್ದ ಕೇಳಿ ತೃಪ್ತಿಯಿಂದ ಮುಂದಿನ ಮನೆಗೆ ಹೋಗಿದ್ದ. ಹೆಂಡತಿಯ ಹೊಟ್ಟೆಯಲ್ಲೂ ಇದೇ ಇತ್ತು. ಅವನು ಕೊಳವೆ ತೆಗೆಯಲಿಲ್ಲ. ಇನ್ನೂ ಒತ್ತಿ ಕೇಳಿದ. ಆಳದಲ್ಲಿ ಆ ಇನ್ನೊಂದು ಸದ್ದು ಸಿಗಬಹುದೇನೋ ಎಂದು ಉಸಿರು ಹಿಡಿದು ಹುಡುಕಿದ.

"ಏನ್ ಮಾವ, ಇಷ್ಟೊತ್ತು?" ಎಂದು ಸೊಸೆ ಗಾಬರಿಯಿಂದ ಕೇಳಿದಳು. "ಹೊಟ್ಟೆ ತುಂಬಾ ಉಂಡಿವ್ನಿ ಮಾವ. ಈಗ್ಲೇ ಉಂಡೆ."

ಕಿವಿಗಾರ ತಲೆಯೆತ್ತಿದ. "ಇದೆ" ಅಂದ.

ಕೇರಿ ಮತ್ತೆ ನಗಲಿಲ್ಲ, ಈ ಸಲ ಯಾರಿಗೂ ಏನೂ ಕೇಳಿಸಿರಲಿಲ್ಲ. ಗಾಡಿಯವನು ಅವನ ಮುಖವನ್ನೊಮ್ಮೆ ನೋಡಿ, ನನಗ್ಯಾಕೆ ಎಂದುಕೊಂಡು ಸೌಟು ತುಂಬ ಅನ್ನ ಎತ್ತಿದ. ಬಿಳಿ ಅನ್ನದಿಂದ ಹಬೆ ಏಳುತ್ತಿತ್ತು.

"ಅದು ಬೇಡ," ಅಂದ ಕಿವಿಗಾರ.

ಕಿವಿಗಾರನ ತೀರ್ಪಿನಲ್ಲಿ ಮೂರನೆಯ ಮಾತು ಬಂದದ್ದನ್ನು ಆ ಊರಿನವರು ಅದೇ ಮೊದಲು ಕೇಳಿದ್ದು. ಗಾಡಿಯವನು ಸೌಟು ಹಿಡಿದುಕೊಂಡೇ ಕೇಳಿದ:

"ಹಸಿವೈತೆ ಅಂತೀಯಾ, ಅನ್ನ ಬ್ಯಾಡ ಅಂತೀಯಾ. ಮತ್ತೇನ್ ಕೊಡ್ಲಿ?"

ಕಿವಿಗಾರ ಗಾಡಿಯ ಹತ್ತಿರ ಹೋದ. ಹಂಡೆಯನ್ನು ಇಣುಕಿದ. ಮೊದಲ ಮೂಟೆಯ ಬಾಯಿ ಬಿಚ್ಚಿ ಕೈಯಾಡಿಸಿದ, ಎರಡನೆಯದನ್ನು ಬಿಚ್ಚಿದ. ಒಂದೊಂದಾಗಿ, ಆತುರವಿಲ್ಲದೆ, ಕೊನೆಯ ಮೂಟೆಯವರೆಗೂ ಬಿಚ್ಚಿದ. ಎಲ್ಲದರಲ್ಲೂ ಅಕ್ಕಿಯೇ ಇತ್ತು. ಸೂಲಗಿತ್ತಿಯ ಗುಡಿಸಲ ಹಿಂದಿನ ಪಾತಿ ಅವನ ನೆನಪಿಗೆ ಬಂತು. ಅದು ಒಬ್ಬ ಬಸುರಿಗೆ ಸಾಕು, ಎಳೆದಾಡಿದರೆ ಇಬ್ಬರಿಗೆ.

ಅವನು ತಿರುಗಿ ನೋಡಿದ. ಪಕ್ಕದ ಮನೆಯ ಸೊಸೆ ಇನ್ನೂ ಬಾಗಿಲುವಾಡ ಹಿಡಿದೇ ನಿಂತಿದ್ದಳು. ಅವಳ ಆಚೆಗೆ ಕೇರಿಯ ಉದ್ದಕ್ಕೂ ಹೆಂಗಸರು, ಮಕ್ಕಳು ಹೊಸಿಲಿಗೆ ಬಂದು, ಸೆರಗು ಸರಿಸಿ, ಅಂಗಿಯೆತ್ತಿ, ತಮ್ಮ ಸರದಿಗೆ ಕಾಯುತ್ತಿದ್ದರು. ಬೆಳ್ಳಗೆ, ಸಾಲಾಗಿ, ಕೊನೆಯ ಮನೆಯವರೆಗೂ. ಅವರಲ್ಲಿ ಒಬ್ಬರ ಹೊಟ್ಟೆಯೂ ಸದ್ದು ಮಾಡುತ್ತಿರಲಿಲ್ಲ.